ಶಿಕ್ಷೆಗೆ ಸಂವಿಧಾನದ ಮಿತಿಗಳು (ಭಾರತ)

ಅಪರಾಧ ಸಾಬೀತಾದವರಿಗೆ ಎಂಥ ಶಿಕ್ಷೆ ಕೊಡಬಹುದು, ಅದನ್ನು ಹೇಗೆ ಜಾರಿ ಮಾಡಬಹುದು ಎಂಬುದಕ್ಕೆ ಭಾರತದ ಸಂವಿಧಾನ ಹಾಗೂ ಸುಪ್ರೀಂ ಕೋರ್ಟಿನ ತೀರ್ಪುಗಳು ಹಾಕಿರುವ ಕಟ್ಟುಪಾಡುಗಳು. ಕೃತ್ಯ ನಡೆದಾಗಿದ್ದ ಕಾನೂನಿಗಿಂತ ಹೆಚ್ಚಿನ ಶಿಕ್ಷೆ ಸಲ್ಲದು, ಒಂದೇ ಅಪರಾಧಕ್ಕೆ ಎರಡು ಬಾರಿ ಶಿಕ್ಷೆ ಸಲ್ಲದು ಎಂದು 20ನೆಯ ವಿಧಿ ನೇರವಾಗಿ ಹೇಳುತ್ತದೆ. ಕ್ರೂರ ಶಿಕ್ಷೆಯನ್ನು ಹೆಸರಿಸಿ ನಿಷೇಧಿಸುವ, ಅಮೆರಿಕದ 8ನೆಯ ತಿದ್ದುಪಡಿಯಂಥ (1791) ವಿಧಿ ಇಲ್ಲಿಲ್ಲ; ಉಳಿದ ಮಿತಿಗಳು ಬಹುಮಟ್ಟಿಗೆ 21ನೆಯ ವಿಧಿಯ ಜೀವದ ಹಕ್ಕಿನಿಂದ ಬೆಳೆದವು.

ಗಲ್ಲು ಶಿಕ್ಷೆ: ಜಗಮೋಹನ್ ಸಿಂಗ್ ಪ್ರಕರಣದಲ್ಲಿ (1972) ಕೋರ್ಟು ಗಲ್ಲು ಶಿಕ್ಷೆಯನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ, ಗಲ್ಲು ವಿಧಿಸುವ ನ್ಯಾಯಾಧೀಶರು ವಿಶೇಷ ಕಾರಣ ದಾಖಲಿಸಬೇಕೆಂದಿತು. ಬಚನ್ ಸಿಂಗ್ ತೀರ್ಪು (1980) ಗಲ್ಲನ್ನು ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಗಳಿಗೆ ಸೀಮಿತಗೊಳಿಸಿತು, ಐವರ ಪೀಠದಲ್ಲಿ ಪಿ.ಎನ್. ಭಗವತಿ ಒಬ್ಬರದೇ ಭಿನ್ನಮತ. ಜೀವಾವಧಿ ಕೈದಿ ಕೊಲೆ ಮಾಡಿದರೆ ಗಲ್ಲು ಕಡ್ಡಾಯ ಎನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 303ನೆಯ ಕಲಂ, ನ್ಯಾಯಾಧೀಶರಿಗೆ ವಿವೇಚನೆಯನ್ನೇ ಉಳಿಸದ ಕಾರಣ 1983ರಲ್ಲಿ ರದ್ದಾಯಿತು.

ಕ್ಷಮಾದಾನದ ವಿಳಂಬ: ರಾಷ್ಟ್ರಪತಿಗೆ 72ನೆಯ, ರಾಜ್ಯಪಾಲರಿಗೆ 161ನೆಯ ವಿಧಿ ಕ್ಷಮಾದಾನದ ಅಧಿಕಾರ ಕೊಟ್ಟಿವೆ. ಶಿಕ್ಷೆಯ ಜಾರಿ ಎರಡು ವರ್ಷ ವಿಳಂಬವಾದರೆ ಗಲ್ಲು ತಪ್ಪಬೇಕೆಂದು 1983ರ ವೈದೀಶ್ವರನ್ ತೀರ್ಪು ಹೇಳಿದರೆ, ಇಷ್ಟೇ ಎಂಬ ಗಡುವು ಸಲ್ಲದೆಂದು ತ್ರಿವೇಣಿಬೆನ್ ಪ್ರಕರಣ (1989) ತಿದ್ದಿತು. ಶತ್ರುಘ್ನ ಚೌಹಾಣ್ ತೀರ್ಪು (2014) ಕ್ಷಮಾದಾನದ ಅರ್ಜಿ ಇತ್ಯರ್ಥದ ಅಸಮರ್ಥನೀಯ ವಿಳಂಬ, ಮಾನಸಿಕ ಕಾಯಿಲೆಗಳ ಕಾರಣಕ್ಕೆ 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. 1993ರ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ ಶಿಕ್ಷೆಯಾಗಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ, ಕಾಡುಗಳ್ಳ ವೀರಪ್ಪನ್‌ನ ನಾಲ್ವರು ಸಹಚರರೂ ಇವರಲ್ಲಿದ್ದರು.

ಸೆರೆಮನೆಯೊಳಗೆ: ಮೇಲ್ಮನವಿ, ಕ್ಷಮಾದಾನದ ಬಾಗಿಲುಗಳೆಲ್ಲ ಮುಚ್ಚುವ ಮುನ್ನ ಗಲ್ಲಿನ ಕೈದಿಯನ್ನು ಒಂಟಿ ಸೆರೆಯಲ್ಲಿಡಬಾರದೆಂದು ಸುನಿಲ್ ಬಾತ್ರಾ ತೀರ್ಪು (1978) ವಿಧಿಸಿತ್ತು. ಆದರೂ ಹಿಂಡಲಗಾದಲ್ಲಿ ಒಬ್ಬ ಕೈದಿ ಸುಮಾರು ಹತ್ತು ವರ್ಷ ಒಂಟಿ ಸೆರೆ ಅನುಭವಿಸಿದ್ದ. ಈ ಕಾರಣಕ್ಕೆ 2022ರಲ್ಲಿ ಅವನ ಗಲ್ಲನ್ನು ಕನಿಷ್ಠ 30 ವರ್ಷಗಳ ಜೀವಾವಧಿಯಾಗಿ ಬದಲಿಸಲಾಯಿತು.

ಜೀವಾವಧಿ: ಗಲ್ಲು ಅಪರೂಪವಾದಂತೆ ಜೀವಾವಧಿ ಬಿಗಿಯಾಯಿತು. ಕರ್ನಾಟಕದಿಂದ ಹೋದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ (2008) ಗಲ್ಲಿನ ಬದಲು, ಶಿಕ್ಷಾ ವಿನಾಯಿತಿಯಿಲ್ಲದೆ ಸಾಯುವತನಕ ಸೆರೆ ಎಂಬ ಹೊಸ ಬಗೆ ಹುಟ್ಟಿತು. ಶ್ರೀಹರನ್ ಪ್ರಕರಣದಲ್ಲಿ (2015) ಸಂವಿಧಾನ ಪೀಠ ಅದನ್ನು ಮೂರು–ಎರಡರ ಬಹುಮತದಿಂದ ಒಪ್ಪಿತು. ಆದರೆ ಇಂಥ ಶಿಕ್ಷೆ ವಿಧಿಸುವ ಅಧಿಕಾರವನ್ನು ಹೈಕೋರ್ಟು, ಸುಪ್ರೀಂ ಕೋರ್ಟುಗಳಿಗಷ್ಟೇ ಮೀಸಲಿಟ್ಟಿತು.