ನನ್ನ ಟ್ರಂಕಿನ ಕ್ಯಾಸೆಟ್ಟುಗಳ ಲೆಕ್ಕ

ಗಂಗಾವತಿ ಸೀಮೆಯ ಶ್ರೀರಾಮನಗರದಲ್ಲಿ ಒಬ್ಬ ಪ್ರೈಮರಿ ಶಾಲೆ ಮಾಸ್ತರನ ಮನೆಯೊಳಗೆ ಒಂದು ತಗಡಿನ ಟ್ರಂಕು, ಅದರ ತುಂಬ ಹಳೇ ಕ್ಯಾಸೆಟ್ಟು. ಇದರಲ್ಲೇನು ಚರಿತ್ರೆ ಅಂತ ಕೇಳುವವರಿದ್ದಾರೆ. ಚರಿತ್ರೆಯೆಂದರೆ ಹಂಪಿಯ ಕಲ್ಲು, ಆನೆಗೊಂದಿಯ ಅರಸರ ವಂಶಾವಳಿ ಎಂದುಕೊಂಡವರ ಪ್ರಶ್ನೆ ಇದು. ಕಲ್ಲು ಹೊತ್ತವನ ಹೆಸರು ಕಲ್ಲಿನ ಮೇಲಿಲ್ಲ. ಹಾಡಿದವರ ಹೆಸರು ಕ್ಯಾಸೆಟ್ಟಿನ ಮೇಲೆ ಇದೆಯೋ ಇಲ್ಲವೋ ನೋಡೋಣ ಎಂದು ಮಳೆಗಾಲದ ರಜೆಯಲ್ಲಿ ಕೂತು, ಬೂಸ್ಲು ಹಿಡಿದದ್ದನ್ನು ಒರೆಸಿ, ಸಡಿಲಾದ ಪಟ್ಟಿಗೆ ಪೆನ್ಸಿಲ್ ತೂರಿಸಿ ಸುತ್ತಿ, ಒಂದೊಂದಾಗಿ ಮತ್ತೆ ಕೇಳಿದೆ. ಕೆಲವನ್ನು ಮೆಚ್ಚಿಕೊಂಡೆ. ಕೆಲವನ್ನು ಮೆಚ್ಚಿಕೊಂಡೇ ಬಯ್ದೆ.

ಮೊದಲು ಈ ಊರಿನ ಮಾತು. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮನ ಸೀಮೆ. 1945ರಲ್ಲಿ ತುಂಗಭದ್ರೆಗೆ ಅಡ್ಡ ಕಟ್ಟೆಯ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆಯ ಬೆನ್ನಿಗೇ ಕರಾವಳಿ ಆಂಧ್ರದ ರೈತರು ಬಂದರು. ಅಲ್ಲಿ ಒಂದೆಕರೆ ಮಾರಿ ಇಲ್ಲಿ ಹಲವೆಕರೆ ಕೊಂಡರು, ಕ್ಯಾಂಪುಗಳನ್ನು ಕಟ್ಟಿಕೊಂಡರು. ಜೋಳ ಬೆಳೆಯುತ್ತಿದ್ದ ಎರಿ ಹೊಲ ನೆಲ್ಲಿನ ಗದ್ದೆಯಾಯಿತು, ಆಮೇಲೆ ರೈಸ್‌ಮಿಲ್ಲುಗಳೆದ್ದವು. ಅವರ ದುಡಿಮೆಯನ್ನು ಅಲ್ಲಗಳೆಯುವ ಮಾತಲ್ಲ ಇದು. ಆದರೆ ಕೆಸರಿನಲ್ಲಿ ಬಗ್ಗಿ ನೆಲ್ಲು ಹಚ್ಚಿದವರು ಯಾರು? ಸುತ್ತಲಿನ ಹಳ್ಳಿಗಳ ಹೊಲೇರು, ಮಾದಿಗರು, ಬೇಡರು, ಜೊತೆಗೆ ಆಂಧ್ರದಿಂದಲೇ ಧಣಿಗಳ ಹಿಂದೆ ಬಂದ ಅಲ್ಲಿನ ಕೂಲಿ ಜನ. ನನ್ನ ಟ್ರಂಕಿನಲ್ಲಿ ಕನ್ನಡ, ತೆಲುಗು ಎರಡೂ ಇರೋದಕ್ಕೆ ಕಾರಣ ಈ ಕಾಲುವೆ.

ಕ್ಯಾಸೆಟ್ಟಿಗಿಂತ ಮುಂಚೆ ಪ್ಲೇಟು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಮೂರು ನಿಮಿಷದ ಹಾಡು ಮುಗಿದ ಕೂಡಲೇ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನವರಿಗೆ ಇದು ಯಾರ ದನಿ ಎಂದು ತಿಳಿಯಬೇಕಲ್ಲ! ಕಡೆಗಾಲಕ್ಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಆ ಹೆಂಗಸು, ಹೆಸರು ಹೇಳದಿದ್ದರೆ ದನಿ ಅನಾಥ ಎಂಬುದನ್ನು ಎಲ್ಲರಿಗಿಂತ ಮೊದಲು ಅರಿತಿದ್ದಳು ಅಂತ ನನಗನ್ನಿಸುತ್ತದೆ.

ನಮ್ಮ ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳು 1930ರ ದಶಕದಲ್ಲಿ ಎಚ್.ಎಂ.ವಿ.ಯಿಂದ ಬಂದಾಗ ಅವುಗಳ ಮೇಲಿದ್ದ ಹೆಸರು ಗಾಂಧಾರಿ. ಆ ಹಾಡುಗಳು ನನ್ನಲ್ಲಿ ಪ್ಲೇಟಿನಿಂದ ಇಳಿಸಿಕೊಂಡ ಕ್ಯಾಸೆಟ್ಟಿನಲ್ಲಿವೆ. ಕರಕರ ಸದ್ದಿನ ನಡುವೆ ಎಳೆಯ, ತೆಳ್ಳನೆಯ ದನಿ. ಮುಂದಿನ ಗಂಡುದನಿಯ ಗಂಗೂಬಾಯಿ ಇವರೇನಾ ಎಂದು ಬೆರಗಾಗಬೇಕು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧಿಯ ಎದುರು ಸ್ವಾಗತಗೀತೆ ಹಾಡಿದ ಹನ್ನೊಂದರ ಹುಡುಗಿ ಆಕೆ. ಹಾಡಿದ ಮೇಲೆ ಮೇಲ್ಜಾತಿಯವರು ಉಂಡ ಎಲೆ ತೆಗೆಯಲು ತನಗೆ ಹೇಳುತ್ತಾರೇನೋ ಎಂಬ ಅಂಜಿಕೆ ಆಗ ಇತ್ತೆಂದು ಮುಂದೆ ಆಕೆಯೇ ನೆನೆಸಿಕೊಂಡರು. ಗಂಡಸಾದರೆ ಉಸ್ತಾದ, ಪಂಡಿತ. ಹೆಂಗಸು ಎಷ್ಟು ಹಾಡಿದರೂ ಬಾಯಿಯೇ ಎಂದು ನಗುತ್ತಾ ಹೇಳುತ್ತಿದ್ದರಂತೆ. ಆ ನಗುವಿನ ಹಿಂದಿನ ಖಾರ ಸಂಗೀತ ವಿಮರ್ಶಕರ ಪುಸ್ತಕಗಳಲ್ಲಿ ಸಿಗೋದಿಲ್ಲ. ಈ ಕ್ಯಾಸೆಟ್ಟನ್ನು ನಾನು ಯಾರಿಗೂ ಎರವಲು ಕೊಡುವುದಿಲ್ಲ.

ಪ್ಲೇಟಿನ ಯಂತ್ರ ಧಣಿಗಳ ಮನೆಯದು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮ ಕಡೆ ಮನೆಮಾತಾದದ್ದು 80ರ ದಶಕದಲ್ಲಿ. ಅಲ್ಲಿತನಕ ಹಾಡಿನ ವ್ಯಾಪಾರವೆಲ್ಲ ಹೆಚ್ಚುಕಡಿಮೆ ಎಚ್.ಎಂ.ವಿ. ಒಂದರ ಕೈಲಿತ್ತು. ಕ್ಯಾಸೆಟ್ಟು ಆ ಯಜಮಾನಿಕೆ ಮುರಿಯಿತು. ಅದಕ್ಕಿಂತ ದೊಡ್ಡ ಮಾತೆಂದರೆ, ಕೇಳೋ ಯಂತ್ರವೇ ತುಂಬಿಕೊಳ್ಳೋ ಯಂತ್ರವೂ ಆಯಿತು. ಕೆಂಪು ಗುಂಡಿ ಒತ್ತಿದರೆ ಕೇರಿಯ ಮುದುಕಿಯ ಹಾಡೂ ಕ್ಯಾಸೆಟ್ಟೇ. ಇದು ಸಣ್ಣ ಕ್ರಾಂತಿಯಲ್ಲ. ಆದರೆ ಆ ಗುಂಡಿ ಒತ್ತಿದವರು ಎಷ್ಟು ಜನ? ನಾವೆಲ್ಲ ಅಂಗಡಿಯಿಂದ ಕೊಂಡು ತಂದದ್ದೇ ಜಾಸ್ತಿ.

ಕ್ಯಾಂಪಿನಲ್ಲಿ ಅತಿ ಹೆಚ್ಚು ಕೇಳಿದ ದನಿ ಘಂಟಸಾಲರದು. 1974ರ ಫೆಬ್ರವರಿಯಲ್ಲಿ ತೀರಿಕೊಳ್ಳುವ ಮುಂಚೆ ಅವರು ಹಾಡಿಟ್ಟ ಭಗವದ್ಗೀತೆ ತೆಲುಗರ ಮನೆಮನೆ ಸೇರಿತು. ಯಾರಾದರೂ ಸತ್ತರೆ ಇಂದಿಗೂ ಮೈಕಿನಲ್ಲಿ ಅದೇ. ದನಿಯ ಬಗ್ಗೆ ನನ್ನ ತಕರಾರಿಲ್ಲ. ಅಂಥ ಗಂಭೀರ, ಕರುಣೆಯ ಕಂಠ ದಕ್ಷಿಣದ ಸಿನಿಮಾದಲ್ಲಿ ಇನ್ನೊಂದಿಲ್ಲ. ತಕರಾರಿರುವುದು ದನಿಯ ಮೇಲೆ ಸವಾರಿ ಮಾಡಿದ ಸರಕಿನ ಬಗ್ಗೆ. ನಾಲ್ಕು ವರ್ಣಗಳನ್ನು ದೇವರೇ ಸೃಷ್ಟಿಸಿದ ಎನ್ನುವ ಗ್ರಂಥ ಇಷ್ಟು ಇಂಪಾದ ಕಂಠದಲ್ಲಿ ಬಂದರೆ ಅದನ್ನು ಯಾರು ಪ್ರಶ್ನಿಸುತ್ತಾರೆ? ಜೀವನಪೂರ್ತಿ ಧಣಿಯ ಕಟ್ಟೆ ಹತ್ತದ ಕೂಲಿಯವನ ಹೆಣದ ಮುಂದೆಯೂ ಅದೇ ಗೀತೆ ಮೊಳಗುತ್ತದೆ. ಪುರೋಹಿತ ಕಾಲಿಡದ ಕೇರಿಗೆ ಅವನ ಪುಸ್ತಕ ಕ್ಯಾಸೆಟ್ಟಿನಲ್ಲಿ ಕೂತು ಬಂತು.

ಅದೇ ತೆಲುಗಿನ ಇನ್ನೊಂದು ಕ್ಯಾಸೆಟ್ಟು, ಗೌತಮ್ ಘೋಷ್ 1979ರಲ್ಲಿ ಮಾಡಿದ ‘ಮಾ ಭೂಮಿ’ ಸಿನಿಮಾದ್ದು. ತೆಲಂಗಾಣದ ರೈತರು ನಿಜಾಮನ ಮೇಲೆ, ದೊರೆಗಳ ಮೇಲೆ ಎದ್ದ ಕತೆ. ಕರಿ ಕಂಬಳಿ ಹೊದ್ದು ಗದ್ದರ್ ಹಾಡಿದ ಒಂದು ಹಾಡು ಅದರ ಜೀವ. ದಲಿತ ಮನೆಯಲ್ಲಿ ಹುಟ್ಟಿದ, 2023ರ ಆಗಸ್ಟಿನಲ್ಲಿ ತೀರಿಕೊಂಡ ಗದ್ದರ್ ಹೆಸರಿನಲ್ಲೇ ಆ ಹಾಡು ನಿಂತುಬಿಟ್ಟಿದೆ. ಬರೆದವನು ಬಂಡಿ ಯಾದಗಿರಿ, ತೆಲಂಗಾಣದ ಆ ಹೋರಾಟದಲ್ಲೇ ಇದ್ದವನು. ನೋಡಿ, ನಮ್ಮವರ ಹಾಡಿನಲ್ಲೂ ದೊಡ್ಡ ಹೆಸರಿನ ನೆರಳಿಗೆ ಸಣ್ಣ ಹೆಸರು ಬೀಳುತ್ತದೆ. ಇನ್ನೊಂದು ಮಾತು. ಕ್ಯಾಂಪಿನ ಧಣಿಗಳ ಮನೆಯಲ್ಲಿ ಈ ಕ್ಯಾಸೆಟ್ಟು ನಾನು ಕಂಡಿಲ್ಲ. ಅವರು ಬಂದದ್ದು ಮದ್ರಾಸ್ ಸರಕಾರದ ಸೀಮೆಯಿಂದ. ಆ ಹಾಡು ಬಯ್ಯುವ ನಿಜಾಮನಿಗೆ ತೆರಿಗೆ ಕಟ್ಟಿದವರು, ಬಿಟ್ಟಿ ದುಡಿದವರು ಈ ನೆಲದ ಕನ್ನಡದ ಜನ. ತೆಲುಗಿನ ಹಾಡು, ಆದರೆ ನಮ್ಮ ಕೇರಿಯ ಚರಿತ್ರೆ. ಭಾಷೆಗಿಂತ ಹೊಟ್ಟೆ ಹತ್ತಿರದ್ದು.

ಸಿನಿಮಾ ಹಾಡುಗಳು ರಾಶಿ ಇವೆ. ಎಲ್ಲದರ ಮಾತು ಬೇಡ. 1972ರ ‘ಬಂಗಾರದ ಮನುಷ್ಯ’ ಒಂದು ಸಾಕು. ನಿರ್ದೇಶಕ ಸಿದ್ದಲಿಂಗಯ್ಯ, ನಮ್ಮ ಕವಿ ಸಿದ್ದಲಿಂಗಯ್ಯ ಅಲ್ಲ. ಜಿ.ಕೆ. ವೆಂಕಟೇಶರ ಸಂಗೀತ, ರಾಜಕುಮಾರರ ಮುಖಕ್ಕೆ ಪಿ.ಬಿ. ಶ್ರೀನಿವಾಸರ ದನಿ. ಭೂಮಿಯನ್ನು ನಂಬಿ ದುಡಿ ಎಂದು ಅದು ಹೇಳಿತು, ನಾಡಿನ ರೈತರು ಕೇಳಿದರು. ಸ್ವಂತ ಭೂಮಿಯೇ ಇಲ್ಲದವನು ಏನನ್ನು ನಂಬಬೇಕೆಂದು ಮಾತ್ರ ಅದರಲ್ಲಿಲ್ಲ. ಟಾಕೀಸಿನ ಕತ್ತಲಲ್ಲಿ ಜಾತಿ ಕಾಣೋದಿಲ್ಲ ಅನ್ನುವವರಿಗೆ ಇದೇ ಗಂಗಾವತಿ ಸೀಮೆಯ ಮರಕುಂಬಿಯನ್ನು ನೆನಪಿಸಬೇಕು. 2014ರ ಆಗಸ್ಟ್ 28ರಂದು ಅಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅದಕ್ಕೆ ನೆವವಾದದ್ದು ಗಂಗಾವತಿಯ ಸಿನಿಮಾ ಟಾಕೀಸಿನಲ್ಲಾದ ಜಗಳ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಯ ಕ್ಯಾಸೆಟ್ ಯುಗವನ್ನು ತೆರೆಯಿತು. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ. ಮಾಸ್ತರರಾದ ನಾವೆಲ್ಲ ಅದನ್ನು ಶಾಲೆಯಲ್ಲಿ ಹಾಡಿಸಿದ್ದೇವೆ. ಒಬ್ಬ ಮುಸ್ಲಿಂ ಕವಿಯ ಹಾಡು ನಾಡಹಬ್ಬದ ಹಾಡಾದದ್ದು ಸಣ್ಣ ಗೆಲುವಲ್ಲ. ಆದರೆ ಅಲ್ಲಿನ ನಾಡು ಜಲಪಾತದ್ದು, ಹಸಿರು ಕಾಡಿನದು. ಯಲಬುರ್ಗಾ, ಕುಷ್ಟಗಿಯ ಬಿಸಿಲು ಆ ನಿತ್ಯದ ಉತ್ಸವಕ್ಕೆ ಬಂದಿಲ್ಲ. ಆಳುವವರು ಜನರನ್ನು ಕುರಿಮಂದೆ ಮಾಡಿದ್ದನ್ನು ಇದೇ ಕವಿ ಎಷ್ಟು ಚೂಪಾಗಿ ಬರೆದಿದ್ದಾರೆ! ಶಾಲೆಯ ಕಾರ್ಯಕ್ರಮಕ್ಕೆ ಅದು ಬೇಡ, ಇದು ಬೇಕು. ಈ ಆಯ್ಕೆ ಕವಿಯದಲ್ಲ, ನಮ್ಮ ಮಧ್ಯಮವರ್ಗದ್ದು.

ಸಿ. ಅಶ್ವತ್ಥರ ಶಿಶುನಾಳ ಶರೀಫರ ಹಾಡುಗಳ ಬಗ್ಗೆ ಮನಸ್ಸು ಎರಡಾಗಿದೆ. ಶರೀಫರು 1819ರಿಂದ 1889ರವರೆಗೆ ಬದುಕಿದವರು. ಬ್ರಾಹ್ಮಣ ಗೋವಿಂದ ಭಟ್ಟರು ಈ ಮುಸ್ಲಿಂ ಶಿಷ್ಯನಿಗೆ ಗುರುವಾದರು. ಊರಿಂದೂರಿಗೆ ಭಜನಾ ಮೇಳಗಳಲ್ಲಿ ನಡೆದುಬಂದ ಆ ಪದಗಳನ್ನು ಅಶ್ವತ್ಥರು ಬೆಂಗಳೂರಿನ ಡ್ರಾಯಿಂಗ್ ರೂಮಿಗೆ ಮುಟ್ಟಿಸಿದರು. 1990ರಲ್ಲಿ ನಾಗಾಭರಣರ ಸಿನಿಮಾವೂ ಬಂತು. ಅಶ್ವತ್ಥರ ಗಂಟಲಲ್ಲಿ ಒಂದು ಆರ್ಭಟವಿದೆ, ಅದಕ್ಕೆ ನಾನೂ ಸೋತವನೇ. ಆದರೆ ತತ್ವಪದ ಒಬ್ಬನ ಹಾಡಲ್ಲ. ಏಕತಾರಿ ಹಿಡಿದವನು ಒಂದು ಸೊಲ್ಲು ಹೇಳಿದರೆ, ದಮ್ಮಡಿ, ತಾಳ ಹಿಡಿದವರು ಅದನ್ನು ಎತ್ತಿಕೊಂಡು ತಿರುವಿ ಹಾಕುತ್ತಾರೆ. ನಡುವೆ ಒಬ್ಬ ಮುದುಕ ಅರ್ಥ ಕೇಳುತ್ತಾನೆ, ಇನ್ನೊಬ್ಬ ಹೇಳುತ್ತಾನೆ, ಜಗಳಾನೂ ಆಗುತ್ತದೆ. ಬೆಳತನಕ ನಡೆಯುವ ಈ ಮಾತುಕತೆಯೇ ತತ್ವಪದ. ಕಡಕೋಳ ಮಡಿವಾಳಪ್ಪನ ಶಿಷ್ಯರ ಸಾಲಿನಲ್ಲಿ ಚನ್ನೂರ ಜಲಾಲಸಾಹೇಬನೂ ಕೂತದ್ದು ಹೀಗೆಯೇ. ಕ್ಯಾಸೆಟ್ಟಿನಲ್ಲಿ ಮೇಳ ಹೋಯಿತು, ವಾದ್ಯಗೋಷ್ಠಿ ಬಂತು. ಸೊಲ್ಲು ಎತ್ತಿಕೊಳ್ಳುತ್ತಿದ್ದವರು ಕೇಳುಗರಾಗಿ ಕುರ್ಚಿಯಲ್ಲಿ ಕೂತರು. ಹಾಡು ಉಳಿಯಿತಲ್ಲ ಅನ್ನುತ್ತೀರಿ. ಉಳಿಯಿತು, ಹೌದು. ಕೂಡಿ ಕೂತದ್ದು?

ವಚನಗಳ ಕ್ಯಾಸೆಟ್ಟು ನನ್ನಲ್ಲಿ ಒಂಬತ್ತಿವೆ. ಮಲ್ಲಿಕಾರ್ಜುನ ಮನ್ಸೂರರು ಅಕ್ಕನ ವಚನ ಹಾಡುವಾಗ ಪಾಂಡಿತ್ಯ ಕರಗಿ ಮನುಷ್ಯ ಉಳಿಯುತ್ತಾನೆ. ಆದರೆ ಒಂಬತ್ತನ್ನೂ ತಿರುವಿ ನೋಡಿದೆ. ಬಸವಣ್ಣ, ಅಕ್ಕ, ಅಲ್ಲಮ, ಮತ್ತೆ ಬಸವಣ್ಣ. ಮಾದಾರ ಧೂಳಯ್ಯ ಇಲ್ಲ, ಡೋಹರ ಕಕ್ಕಯ್ಯ ಇಲ್ಲ. ಕುಲಜರು ಯಾರು, ಹೊಲೆಯರು ಯಾರು ಎಂದು ತಿನ್ನುವ ಮಾಂಸ ಹಿಡಿದೇ ಕೇಳಿದ ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆಯಂತೂ ಇಲ್ಲವೇ ಇಲ್ಲ. ಅವಳ ವಚನಕ್ಕೆ ಯಾವ ರಾಗ ಹೊಂದೀತು? ಹೊಂದಿಸಲು ಕೂತವರೇ ಇರಲಿಲ್ಲ, ಅಷ್ಟೇ.

ಇನ್ನು ನಮ್ಮ ಸಿದ್ದಲಿಂಗಯ್ಯ. 1975ರ ‘ಹೊಲೆಮಾದಿಗರ ಹಾಡು’ ಜಾಥಾಗಳಲ್ಲಿ, ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, ಅಕ್ಷರ ಬಾರದವರ ಬಾಯಲ್ಲಿ ಬೆಳೆಯಿತು. ನನ್ನಲ್ಲಿ ಆ ಹಾಡುಗಳಿರುವುದು ಖಾಲಿ ಕ್ಯಾಸೆಟ್ಟಿನಲ್ಲಿ: ಮೈಕಿನ ಕೀರಲು, ಮಗುವಿನ ಅಳು, ಹಿಂದೆ ಹೋಗುವ ಲಾರಿ. ಅದೇ ಕವಿಯ ಪ್ರೇಮಗೀತೆ 1993ರಲ್ಲಿ ‘ಬಾ ನಲ್ಲೆ ಮಧುಚಂದ್ರಕೆ’ ಸಿನಿಮಾಕ್ಕೆ, ಹಂಸಲೇಖರ ಸಂಗೀತದಲ್ಲಿ ಹೋದಾಗ ಬಣ್ಣದ ಕವರಿನಲ್ಲಿ ಪ್ರತಿ ಅಂಗಡಿಗೂ ಬಂತು. ಕವಿ ಮಾರಿಕೊಂಡರು ಎಂದು ಕೆಲವು ಗೆಳೆಯರು ಆಗ ಕೂಗಾಡಿದರು. ನನಗೆ ಹಾಗನ್ನಿಸಿಲ್ಲ. ಹೊಲೆಯರ ಹುಡುಗ ಬೆಳದಿಂಗಳ ಬಗ್ಗೆ ಬರೆಯಬಾರದೇನು? ಆದರೆ ಮಾರುಕಟ್ಟೆ ಅವರ ಒಂದು ಕೈ ಹಿಡಿದು ಇನ್ನೊಂದನ್ನು ಬಿಟ್ಟಿತು. 2021ರ ಜೂನಿನಲ್ಲಿ ಕೊರೊನಾಕ್ಕೆ ಅವರು ಹೋದಾಗ ನಾನು ಹಾಕಿಕೊಂಡು ಕೇಳಿದ್ದು ಲಾರಿ ಸದ್ದಿನ ಕ್ಯಾಸೆಟ್ಟನ್ನೇ.

ಈ ಎಲ್ಲ ಕ್ಯಾಸೆಟ್ಟುಗಳಲ್ಲೂ ತಬಲ ಇದೆ, ಮೃದಂಗ ಇದೆ. ತೊಗಲು ಹದ ಮಾಡಿದ, ವಾದ್ಯ ಬಿಗಿದ ಕೈಯ ಹೆಸರು ಒಂದರಲ್ಲೂ ಇಲ್ಲ. ಮದ್ರಾಸಿನ ಕಡೆಯ ಮೃದಂಗ ಮಾಡುವವರ ಬಗ್ಗೆ ಟಿ.ಎಂ. ಕೃಷ್ಣ 2020ರಲ್ಲಿ ಪುಸ್ತಕ ಬರೆದರು. ಬಹುಪಾಲು ದಲಿತ ಕ್ರೈಸ್ತರ ಕತೆ. ಆಕಳ ತೊಗಲಿನ ಮಾತು ಬಂದದ್ದೇ ತಡ, ಕಲಾಕ್ಷೇತ್ರದವರು ಬಿಡುಗಡೆಗೆ ಕೊಟ್ಟ ಸಭಾಂಗಣ ಹಿಂದಕ್ಕೆ ತಗೊಂಡರು. ತೊಗಲಿನ ನಾದ ಬೇಕು, ತೊಗಲಿನ ಮಾತು ಬೇಡ. ಹಲಗಿಯದು ಇನ್ನೊಂದು ಕತೆ. ಊರ ಹೆಣಕ್ಕೆ, ಜಾತ್ರೆಗೆ ಬಿಟ್ಟಿ ಬಾರಿಸೋದಿಲ್ಲ ಎಂದು ಚಳವಳಿಯ ದಿನಗಳಲ್ಲಿ ಎಷ್ಟೋ ಕೇರಿಗಳು ಹಲಗಿ ಕೆಳಗಿಟ್ಟವು. ಸರಿಯಾಗೇ ಇಟ್ಟವು. ನಮ್ಮದೇ ಮೆರವಣಿಗೆಯ ಮುಂದೆ ಅದೇ ಹಲಗಿ ಮತ್ತೆ ಎದ್ದಿತು. 2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ತಮಟೆಯ ಮುನಿವೆಂಕಟಪ್ಪನವರಿಗೆ, 2025ರಲ್ಲಿ ನಮ್ಮದೇ ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆಯಜ್ಜಿ ಭೀಮವ್ವ ಶಿಳ್ಳೆಕ್ಯಾತರಿಗೆ ಪದ್ಮಶ್ರೀ ಬಂತು. ಸಂತೋಷ. ಭೀಮವ್ವನಿಗೆ ಆಗ ತೊಂಬತ್ತು ದಾಟಿ ವರ್ಷಗಳಾಗಿದ್ದವು. ನದಿಯಾಚೆಯ ದರೋಜಿಯ ಬುರ್ರಕಥೆ ಈರಮ್ಮ ಅಕ್ಷರ ಕಲಿಯದವಳು. ಆಕೆಯ ಬಾಯಲ್ಲಿದ್ದ ಕಾವ್ಯಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಯ ಹೆಸರಿನಲ್ಲೇ ಅಚ್ಚು ಹಾಕಿತು. ಈರಮ್ಮ 2014ರಲ್ಲಿ ಹೋದಳು, ಹೆಸರು ಹೋಗಲಿಲ್ಲ.

ಟ್ರಂಕಿನ ತಳದಲ್ಲಿ ಕವರಿಲ್ಲದ ಎರಡು ಕ್ಯಾಸೆಟ್ಟಿದ್ದವು. ಕ್ಯಾಸೆಟ್ ಅಂಗಡಿ ಮುಚ್ಚಿದವನೊಬ್ಬ ರದ್ದಿಗೆ ಹಾಕುವ ಮುಂಚೆ ನನಗೆ ಕೊಟ್ಟದ್ದು. ಒಂದರ ಮೇಲೆ ‘ಅಲಾಯಿ ಹಲಗಿ’, ಇನ್ನೊಂದರ ಮೇಲೆ ‘ನಾಟಿ ಹೆಂಗಸರು’ ಎಂದಿಷ್ಟೇ ಬರೆದಿತ್ತು. ಇಡೀ ಟ್ರಂಕಿನಲ್ಲಿ ಇವೆರಡೇ ಶ್ರೇಷ್ಠ ಎನ್ನುವುದು ನನ್ನ ತೀರ್ಪು, ಪಕ್ಷಪಾತ ಅನ್ನಿ ಬೇಕಾದರೆ. ಎರಡನೆಯದರಲ್ಲಿ ಒಬ್ಬಾಕೆ ಕನ್ನಡದಲ್ಲಿ ಎತ್ತುತ್ತಾಳೆ, ಇನ್ನೊಬ್ಬಾಕೆ ತೆಲುಗಿನಲ್ಲಿ ಮುರಿಯುತ್ತಾಳೆ, ಉಳಿದವರು ಎರಡನ್ನೂ ಕಲಸಿ ಹಾಡುತ್ತಾರೆ. ಧಣಿ ಗದ್ದೆಯ ಬದುವಿಗೆ ಬಂದನೋ ಏನೋ, ಒಮ್ಮೆಲೇ ಹಾಡು ನಿಲ್ಲುತ್ತದೆ, ಕಿಸಕ್ಕನೆ ನಗು, ಮತ್ತೆ ಶುರು.

ಆ ಕ್ಯಾಸೆಟ್ಟು, ಟೇಪ್‌ರೆಕಾರ್ಡರು ಹಿಡಿದು ಕೇರಿಗೆ ಹೋದೆ. ಕಟ್ಟೆ ಮೇಲೆ ಕೂತಿದ್ದ ಒಬ್ಬ ಮುದುಕಿ ಸ್ವಲ್ಪ ಕೇಳಿದ್ದೇ, ‘ಏ ಇದು ನನ್ ದನಿ ಐತಲ್ಲೋ ಮಾಸ್ತರ’ ಅಂದಳು. ಹೆಸರು ಯಾಕೆ ಬರೆದಿಲ್ಲಬೇ ಅಂದೆ. ‘ಹಾಡಿದಾಕಿ ಹೆಸರು ಯಾರು ಬರೀತಾರಪಾ? ಎಷ್ಟು ಆಳು ಬಂದ್ವಿ ಅಂತ ಲೆಕ್ಕ ಬರ್ಕೋತಿದ್ರು, ಅಷ್ಟ.’ ಅಕ್ಕಪಕ್ಕದವರೂ ಕೂಡಿದರು. ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿದರು, ದನಿ ಗುರುತು ಹಿಡಿಯಲು ತಮ್ಮತಮ್ಮಲ್ಲೇ ವಾದ ಹಾಕಿದರು, ಸತ್ತವಳ ದನಿ ಬಂದಾಗ ಸುಮ್ಮನಾದರು. ಏಳು ಹೆಂಗಸರಲ್ಲಿ ಆರು ಜನರ ಹೆಸರು, ಊರು ಸಿಕ್ಕಿವೆ. ಬಿಳಿ ಚೀಟಿಯಲ್ಲಿ ಬರೆದು ಕ್ಯಾಸೆಟ್ಟಿಗೆ ಅಂಟಿಸಿದ್ದೇನೆ. ತೆಲುಗಿನಲ್ಲಿ ಮುರಿಯುವವಳೊಬ್ಬಳು ಉಳಿದಿದ್ದಾಳೆ. ಮರ್ಲಾನಹಳ್ಳಿ ಕಡೆಗೆ ಕೂಲಿಗೆ ಹೋದವಳು ಅಲ್ಲೇ ನಿಂತಳು ಅನ್ನುತ್ತಾರೆ. ಬರುವ ಆದಿತ್ಯವಾರ ಅಲ್ಲಿಗೆ ಹೋಗಬೇಕು.