ಕುಮಟಗಿಯ ಬೇಟೆ ಚಿತ್ರಗಳು

ದಿವಾಳಿ ಸೂಟಿಯಲ್ಲಿ ನಾವು ಮನೆಮಂದಿಯೆಲ್ಲ ಅಕ್ಕಲಕೋಟೆಯಿಂದ ವಿಜಯಪುರಕ್ಕೆ ಹೋಗಿದ್ದೆವು. ಗೋಳಗುಮ್ಮಟ ನೋಡಿ ಹೆಚ್ಚಿನವರು ತಿರುಗಿ ಬಂದುಬಿಡುತ್ತಾರೆ. ನಾವು ಸಿಂದಗಿ ರಸ್ತೆ ಹಿಡಿದು, ಪೂರ್ವಕ್ಕೆ ಸುಮಾರು 20 ಕಿ.ಮೀ. ದೂರದ ಕುಮಟಗಿಗೆ ಹೋದೆವು.

ಇದು ಆದಿಲಶಾಹಿ ಅರಸರ ವಿಹಾರದ ಜಾಗ. ಜನರ ಬಾಯಲ್ಲಿ ಬೇಸಿಗೆ ಅರಮನೆ. ಪಕ್ಕದಲ್ಲಿ ಕೆರೆ, ಕೊಳದ ನಡುವೆ ಮಂಟಪ, ಅದಕ್ಕೆ ಹೋಗಲು ಸೇತುವೆ. ನೀರನ್ನು ಎತ್ತರದ ಗೋಪುರಕ್ಕೆ ಏರಿಸಿ, ಕೊಳವೆಗಳಲ್ಲಿ ಇಳಿಬಿಡುತ್ತಿದ್ದರು. ಆ ಒತ್ತಡಕ್ಕೆ ಕಾರಂಜಿ ಚಿಮ್ಮುತ್ತಿತ್ತು, ಛಾವಣಿಯಿಂದಲೂ ಮಳೆಯಂತೆ ನೀರು ಸುರಿಯುತ್ತಿತ್ತು. ಕರೆಂಟಿಲ್ಲದ ಕಾಲದ ಈ ಲೆಕ್ಕಾಚಾರವನ್ನು ವಿಜ್ಞಾನದ ಪಾಠದಲ್ಲೂ ಹೇಳಬಹುದು.

ಗೋಡೆಗಳ ಮೇಲೆ ಬಣ್ಣದ ಚಿತ್ರಗಳಿವೆ. ಬೇಟೆ, ಕುದುರೆಯ ಮೇಲೆ ಚೆಂಡಾಟ, ಕುಸ್ತಿ, ವಾದ್ಯ ನುಡಿಸುವವರು. 1916ರಲ್ಲಿ ಪ್ರಕಟವಾದ ಹೆನ್ರಿ ಕಸೆನ್ಸ್ ಅವರ ವಿಜಾಪುರದ ಗ್ರಂಥದಲ್ಲಿ ಇವುಗಳ ವರ್ಣನೆ ಬರುತ್ತದೆ. ಈಗ ಬಹಳಷ್ಟು ಮಾಸಿವೆ.

"ಅಪ್ಪಾ, ಬೇಟೆ ಎಲ್ಲಿ ಐತಿ? ಬರೇ ಹೆಸರ ಕಾಣತಾವು" ಎಂದಳು ಮಗಳು.

ಖರೆ. ಕುದುರೆಯ ಕಾಲಿನ ಮೇಲೊಂದು ಹೆಸರು, ಸವಾರನ ಮುಖದ ಮೇಲೊಂದು. ಕನ್ನಡದಲ್ಲೂ ಇವೆ, ಮರಾಠಿಯಲ್ಲೂ ಇವೆ. ಕೆಡಿಸುವುದರಲ್ಲಿ ಗಡಿ ತಂಟೆ ಇಲ್ಲ ನೋಡಿರಿ!

ಅಷ್ಟರಲ್ಲಿ ಮಗ ಒಂದು ಹರಳು ಎತ್ತಿಕೊಂಡು ಗೋಡೆಯ ಹತ್ತಿರ ಹೋಗಿದ್ದ. ಮನೆಯವರು ಗದರಿಸಿದರು. "ಎಲ್ಲಾರೂ ಬರದಾರಲ್ಲ?" ಎಂದ. ನಾವು ಸುಮ್ಮನಾದೆವು. ಟಿ.ಸಿ.ಎಚ್. ಓದುವಾಗ ಒಂದು ಹಳೆಯ ಕಟ್ಟಡದ ಗೋಡೆಗೆ ಗೆಳೆಯರ ಜೊತೆ ನಾವೂ ಹೆಸರು ಕೆತ್ತಿದ್ದೆವು. ಇಷ್ಟು ವರ್ಷ ಮನೆಯಲ್ಲಿ ಹೇಳಿರಲಿಲ್ಲ. ಆ ದಿನ ಹೇಳಿದೆವು. ಮಗ ಹರಳು ಕೆಳಗಿಟ್ಟ.

ಇತಿಹಾಸ ಕಲಿಸುವವರೇ ಇತಿಹಾಸ ಅಳಿಸಿದ್ದೆವು ಎಂಬ ಮಾತು ಕೆರೆದಂಡೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುವಾಗಲೂ ಮನಸ್ಸಿನಿಂದ ಹೋಗಲಿಲ್ಲ.

ನಮ್ಮ ಶಾಲೆಯ ಮಕ್ಕಳಿಗೆ ಆದಿಲಶಾಹಿ ಎಂದರೆ 4ನೇ ಇಯತ್ತೆಯ ಶಿವಾಜಿ ಮಹಾರಾಜರ ಪಾಠ. 1659ರ ಅಫಜಲಖಾನನ ಪ್ರಸಂಗ. ಅದು ತಿಳಿಯಲೇಬೇಕು. ಆದರೆ ನಮ್ಮ ಸೊಲ್ಲಾಪುರದ ಕೋಟೆಯೂ ಇದೇ ಮನೆತನಕ್ಕೆ ಹೋಗಿತ್ತಲ್ಲ! ಅಹಮದನಗರದ ಚಾಂದಬೀಬಿ ಒಂದನೆಯ ಅಲಿ ಆದಿಲಶಹನನ್ನು ಮದುವೆಯಾದಾಗ, 1565ರ ತಾಳಿಕೋಟೆ ಯುದ್ಧಕ್ಕೆ ಮುಂಚೆ, ಅದನ್ನು ವರದಕ್ಷಿಣೆಯಾಗಿ ಕೊಟ್ಟಿದ್ದರು. ಯುದ್ಧದ ಹೊರತಾಗಿ ಆ ಅರಸರು ಹೇಗೆ ಬದುಕಿದರು, ಏನು ಆಡಿದರು, ನೀರನ್ನು ಹೇಗೆ ಬಳಸಿದರು ಎಂಬುದಕ್ಕೆ ಇಂಥ ಗೋಡೆಗಳೇ ಸಾಕ್ಷಿ. ಪುಸ್ತಕ ಹರಿದರೆ ಮತ್ತೆ ಅಚ್ಚು ಹಾಕಬಹುದು. ಈ ಗೋಡೆಗೆ ಎರಡನೆಯ ಪ್ರತಿ ಇಲ್ಲ.

ಸೂಟಿ ಮುಗಿದ ಮೇಲೆ ವರ್ಗದಲ್ಲಿ ಕುಮಟಗಿಯ ಪಾಠ ಮಾಡಿದೆವು. ನಮ್ಮ ತಪ್ಪನ್ನೂ ಸೇರಿಸಿ ಹೇಳಿದೆವು. ಮಕ್ಕಳು ಮೊದಲು ನಕ್ಕರು, ಆಮೇಲೆ ಸುಮ್ಮನಾದರು.

ನೀವೂ ಮಕ್ಕಳೊಂದಿಗೆ ಹೋಗಿ ಬನ್ನಿರಿ. ಬುತ್ತಿ ಒಯ್ಯಿರಿ. ಗೋಡೆಯ ಮುಂದೆ ಮಾತ್ರ ಕೈ ಹಿಂದೆ ಕಟ್ಟಿಕೊಂಡು ನಿಲ್ಲಿರಿ.