ಮಲೆಯೂರಿನ ಕರಣಿಕ ಮತ್ತು ಲಂಡನ್ನಿನ ಕಡತಗಳು

ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿ ಒಂದು ತೈಲಚಿತ್ರವಿದೆ. 1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದದ್ದು. ನಡುವೆ ಕೆಂಪು ಕೋಟು ತೊಟ್ಟ ಕರ್ನಲ್ ಕಾಲಿನ್ ಮೆಕೆಂಜಿ ನಿಂತಿದ್ದಾನೆ. ಅವನ ಜೊತೆಗೆ ಮೂವರು ಭಾರತೀಯರಿದ್ದಾರೆ. ಒಬ್ಬನ ಕೈಯಲ್ಲಿ ದುರ್ಬೀನು, ಇನ್ನೊಬ್ಬನ ಕೈಯಲ್ಲಿ ಓಲೆಗರಿ. ಹಿಂದೆ, ದೂರದಲ್ಲಿ, ಗೊಮ್ಮಟನ ಮೂರ್ತಿ. ಈ ಚಿತ್ರದ ಪ್ರತಿಯನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ಹೋದದ್ದು ಕರ್ನಲನ ಕಡೆಗಲ್ಲ, ಆ ಗೊಮ್ಮಟನ ಕಡೆಗೆ. ಕನ್ನಡಿಗನಿಗೆ ಅವನನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಅನಂತರ ಓಲೆಗರಿ ಹಿಡಿದವನ ಮುಖ ನೋಡಿದೆ. ಈತ ಯಾರು ಎಂಬ ಪ್ರಶ್ನೆ ಹುಟ್ಟಿತು. ಚಿತ್ರದ ಹೆಸರಿನಲ್ಲಿರುವುದು ಮೆಕೆಂಜಿಯ ಹೆಸರು. ಉಳಿದ ಮೂವರು ಯಾರೆಂಬುದನ್ನು ವಿದ್ವಾಂಸರು ಬೇರೆ ಆಧಾರಗಳಿಂದ ತರ್ಕಿಸಬೇಕಾಗಿದೆ.

ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು. ನಮ್ಮ ನಾಡಿನ ಚರಿತ್ರೆಯ ಮೊದಲ ದೊಡ್ಡ ಸಂಗ್ರಹ ಹೇಗೆ ಆಯಿತು, ಅದನ್ನು ಯಾರು ಮಾಡಿದರು, ಹೆಸರು ಯಾರಿಗೆ ಹೋಯಿತು ಎಂಬುದನ್ನು ತಿಳಿದಷ್ಟು ಹೇಳುತ್ತೇನೆ.

ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನವನು. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆಂದು ಮದರಾಸಿಗೆ ಬಂದ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಜಿನಿಯರನಾಗಿದ್ದ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಮಾಡುವ ಕೆಲಸ ಅವನಿಗೆ ಬಂತು. ಆ ಸರ್ವೆ ಸುಮಾರು ಹತ್ತು ವರ್ಷ ನಡೆಯಿತು. ಕಂಪನಿಗೆ ಬೇಕಾಗಿದ್ದದ್ದು ಗಡಿ, ರಸ್ತೆ, ಕೆರೆ, ಕಂದಾಯದ ವಿವರ. ಮೆಕೆಂಜಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಊರಿನ ದೇವಸ್ಥಾನ ಯಾರು ಕಟ್ಟಿಸಿದರು, ಈ ಕಲ್ಲಿನಲ್ಲಿ ಏನು ಬರೆದಿದೆ, ನಿಮ್ಮ ಪಾಳೆಯಗಾರರ ವಂಶ ಎಲ್ಲಿಂದ ಬಂತು ಎಂದು ಹೋದಲ್ಲೆಲ್ಲ ಕೇಳಿಸಿದ. ಅದಕ್ಕೆ ತನ್ನ ಕೈಯಿಂದಲೂ ಹಣ ಸುರಿದ.

‘ಕೇಳಿಸಿದ’ ಎಂದು ಬೇಕೆಂದೇ ಬರೆದಿದ್ದೇನೆ. ಮೆಕೆಂಜಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಅದನ್ನು ಅವನೇ ಒಪ್ಪಿಕೊಂಡಿದ್ದಾನೆ. ಕೇಳಿದವರು, ಓದಿದವರು, ಬರೆದುಕೊಂಡವರು ಬೇರೆಯವರು. ಅವರಲ್ಲಿ ಮುಖ್ಯರು ಏಲೂರಿನ ಕಡೆಯ ತೆಲುಗು ಮನೆತನವೊಂದರ ಅಣ್ಣತಮ್ಮಂದಿರು: ಕಾವಲಿ ವೆಂಕಟ ಬೊರ್ರಯ್ಯ, ಲಕ್ಷ್ಮಯ್ಯ ಮತ್ತು ರಾಮಸ್ವಾಮಿ. ಹಳಗನ್ನಡದ ಶಾಸನಗಳ ವಿಷಯದಲ್ಲಿ ಧರ್ಮಯ್ಯ ಎಂಬ ಜೈನ ಪಂಡಿತ ನೆರವಾದ. ಬೊರ್ರಯ್ಯ 1803ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲೇ, ತೀರಿಕೊಂಡ. 1817ರಲ್ಲಿ ಸ್ನೇಹಿತನೊಬ್ಬನಿಗೆ ಬರೆದ ಪತ್ರದಲ್ಲಿ ಮೆಕೆಂಜಿ, ಭಾರತದ ವಿದ್ಯೆಯೊಳಗೆ ತನಗೆ ಬಾಗಿಲು ತೆರೆದವನು ಈತನೇ ಎಂದು ಋಣ ಸ್ಮರಿಸಿದ್ದಾನೆ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿ ತನ್ನ ‘ಏಷಿಯಾಟಿಕ್ ರಿಸರ್ಚಸ್’ನ 9ನೆಯ ಸಂಪುಟದಲ್ಲಿ ಜೈನರನ್ನು ಕುರಿತ ಒಂದು ವರದಿಯನ್ನು ಅಚ್ಚು ಮಾಡಿತು. ಅದನ್ನು ಅನುವಾದಿಸಿದವನು ಬೊರ್ರಯ್ಯ ಎಂದು ಶೀರ್ಷಿಕೆಯಲ್ಲೇ ಹೇಳಿದೆ. ಆ ಹೊತ್ತಿಗೆ ಅವನು ಬದುಕಿರಲಿಲ್ಲ. ಬದುಕಿದ್ದರೂ ಆ ಸೊಸೈಟಿಯ ಸದಸ್ಯನಾಗುವಂತಿರಲಿಲ್ಲ. 1784ರಲ್ಲಿ ಸರ್ ವಿಲಿಯಂ ಜೋನ್ಸ್ ಸ್ಥಾಪಿಸಿದ ಆ ಸಂಸ್ಥೆ ಭಾರತೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1829ರಲ್ಲಿ.

ಈ ಸಹಾಯಕರು ಊರೂರು ತಿರುಗಿ ತಂದದ್ದರಲ್ಲಿ ನಮಗೆ ಅತಿ ಹತ್ತಿರದವು ಕೈಫಿಯತ್ತುಗಳು. ಕೈಫಿಯತ್ತು ಎಂದರೆ ಹೇಳಿಕೆ, ವರದಿ. ಶಾನುಭೋಗ, ಗೌಡ, ಅರ್ಚಕ, ಊರಿನ ಹಿರಿಯರು ಹೇಳಿದ್ದನ್ನು, ತಮ್ಮ ಹಳೆಯ ಕಡತದಿಂದ ಇಳಿಸಿಕೊಟ್ಟದ್ದನ್ನು ಕಾಗದಕ್ಕೆ ಹಾಕಿದ್ದು. ಊರಿಗೆ ಆ ಹೆಸರು ಬಂದ ಕಥೆ, ಆಳಿದವರ ಪಟ್ಟಿ, ಕೆರೆ ಕಟ್ಟೆಗಳು, ಉಂಬಳಿಗಳು, ಜಾತ್ರೆ, ಜಗಳ ಎಲ್ಲವೂ ಬರುತ್ತವೆ. ಪುರಾಣ ಎಲ್ಲಿ ಮುಗಿದು ಚರಿತ್ರೆ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯುವುದು ಕಷ್ಟ. ಆದರೆ ಒಂದು ಊರು ತನ್ನನ್ನು ತಾನು ಹೇಗೆ ನೆನೆದುಕೊಂಡಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕಡಿಮೆ.

ಮೆಕೆಂಜಿ 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಆದ. 1821ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ಕಂಪನಿ ಸರ್ಕಾರ ಅವನ ಹೆಂಡತಿಗೆ ಒಂದು ಲಕ್ಷ ರೂಪಾಯಿ ಕೊಟ್ಟು ಸಂಗ್ರಹವನ್ನು ಕೊಂಡುಕೊಂಡಿತು. ಹೊರೇಸ್ ಹೇಮನ್ ವಿಲ್ಸನ್ 1828ರಲ್ಲಿ ಅದರ ಸೂಚಿಯನ್ನು ಅಚ್ಚು ಹಾಕಿಸಿದ. ಅವನ ಲೆಕ್ಕದಲ್ಲಿ 1,568 ಸಾಹಿತ್ಯದ ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಗಳ ಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳು. ಆಮೇಲೆ ಸಂಗ್ರಹ ಹರಿದು ಹಂಚಿಹೋಯಿತು. ಒಂದು ಭಾಗ ಲಂಡನ್ನಿಗೆ ಬಂತು. ಅದು ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ದಕ್ಷಿಣದ ಭಾಷೆಗಳ ಹಸ್ತಪ್ರತಿಗಳೂ ವೃತ್ತಾಂತಗಳೂ ಬಹುಪಾಲು ಮದರಾಸಿಗೆ ಹೋದವು. ಮುಂದೆ ಅಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯಕ್ಕೆ ಬುನಾದಿಯಾದವು. ಹೀಗಾಗಿ ಒಂದೇ ದಂಡಯಾತ್ರೆಯಲ್ಲಿ ಕೂಡಿಸಿದ್ದನ್ನು ನೋಡಲು ಇಂದು ಎರಡು ಖಂಡಗಳಲ್ಲಿ ಹುಡುಕಬೇಕು.

ಕರ್ನಲ್ ಸತ್ತ ಮೇಲೆ ಕೆಲಸ ಬಲ್ಲವನಾಗಿ ಉಳಿದವನು ಲಕ್ಷ್ಮಯ್ಯ. ಅವನು ಸುಮ್ಮನೆ ಕೂರಲಿಲ್ಲ. ಮದರಾಸಿನಲ್ಲಿ ಹಿಂದೂ ಲಿಟರರಿ ಸೊಸೈಟಿ ಎಂಬ ಸಂಘ ಕಟ್ಟಿದ. ಮೆಕೆಂಜಿಯ ಶೋಧನೆಯನ್ನು ತಾನು ಮುಂದುವರಿಸುತ್ತೇನೆ, ನೆರವು ಬೇಕು ಎಂದು ಸರ್ಕಾರಕ್ಕೆ ಅರ್ಜಿ ಕೊಟ್ಟ. ಅರ್ಜಿ ಅಭಿಪ್ರಾಯಕ್ಕಾಗಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಗೆ ಹೋಯಿತು. 1836ರಲ್ಲಿ ಬಂದ ಉತ್ತರದ ಸಾರ ಇಷ್ಟು: ಇಂಥ ದೊಡ್ಡ ಕೆಲಸಕ್ಕೆ ಬಿಡಿ ಸಂಗತಿಗಳಿಂದ ಸಾಮಾನ್ಯ ತತ್ತ್ವವನ್ನು ಎತ್ತಬಲ್ಲ, ಶಾಸನ ಮತ್ತು ಐತಿಹ್ಯಗಳ ಬೆಲೆ ಕಟ್ಟಬಲ್ಲ ಒಬ್ಬ ಯಜಮಾನನ ತಲೆ ಬೇಕು. ಅದನ್ನು ಈ ದೇಶೀಯನಿಂದ ನಿರೀಕ್ಷಿಸಲಾಗದು. ಆಗ ಸೊಸೈಟಿಯ ಕಾರ್ಯದರ್ಶಿಯಾಗಿದ್ದವನು ಜೇಮ್ಸ್ ಪ್ರಿನ್ಸೆಪ್. ಮರುವರ್ಷ ಅಶೋಕನ ಬ್ರಾಹ್ಮೀ ಲಿಪಿಯನ್ನು ಓದಿ ಅಮರನಾದವನು ಅವನೇ. ಅವನಿಗೂ ಶಾಸನಗಳನ್ನು ಓದಲು ಪಕ್ಕದಲ್ಲಿ ಕಮಲಾಕಾಂತ ವಿದ್ಯಾಲಂಕಾರ ಎಂಬ ಪಂಡಿತನಿದ್ದ. ಮದರಾಸಿನ ಹಸ್ತಪ್ರತಿಗಳನ್ನು ಪರೀಕ್ಷಿಸುವ ಕೆಲಸವನ್ನು ಪಾದ್ರಿ ವಿಲಿಯಂ ಟೇಲರ್ ಮಾಡಿದ.

ಟೇಲರನ ಉಪಕಾರವನ್ನೂ ಮರೆಯುವಂತಿಲ್ಲ. ಹುಳು ತಿಂದು, ಮಸಿ ಮಾಸುತ್ತಿದ್ದ ಕಾಗದಗಳನ್ನು ಮತ್ತೆ ನಕಲು ಮಾಡಿಸಿ ಉಳಿಸಿದವನು ಅವನು. ಸೊಸೈಟಿಗಳೂ ಕಂಪನಿಯೂ ಇಲ್ಲದಿದ್ದರೆ ಇವುಗಳಲ್ಲಿ ಎಷ್ಟೋ ಉಳಿಯುತ್ತಿರಲಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳಬೇಕು. ಕಾಗದ ಉಳಿಸುವುದು ಒಂದು ಗುಣ. ಬರೆದವನಿಗೆ ಯೋಚಿಸುವ ಶಕ್ತಿಯೂ ಇದೆ ಎಂದು ನಂಬುವುದು ಇನ್ನೊಂದು. ಮೊದಲನೆಯದು ಅವರಲ್ಲಿತ್ತು, ಎರಡನೆಯದು ಇರಲಿಲ್ಲ.

ಇಲ್ಲಿ ನನ್ನ ತಾಯಿಯ ತವರಿನ ಕಡೆಗೆ ಬರಬೇಕು. ಚಾಮರಾಜನಗರದ ಸೀಮೆಯಲ್ಲಿ ಮಲೆಯೂರು ಎಂಬ ಊರಿದೆ. ಪಕ್ಕದಲ್ಲೇ ಜೈನರ ಕನಕಗಿರಿ. ಪೂಜ್ಯಪಾದರ ನೆನಪಿರುವ ಬೆಟ್ಟ ಅದು. ಚಿಕ್ಕಂದಿನಲ್ಲಿ ನಾನು ಆ ಬೆಟ್ಟ ಹತ್ತಿದ್ದೇನೆ. ಆ ಊರಿನ ದೇವಚಂದ್ರನ ಹೆಸರು ಮಾತ್ರ ಆಗ ನನಗೆ ಗೊತ್ತಿರಲಿಲ್ಲ. ದೂರದ ಲಂಡನ್ನಿಗೆ ಬಂದು ಮೆಕೆಂಜಿಯ ಬೆನ್ನು ಹತ್ತಿದ ಮೇಲೆ ಅವನು ಸಿಕ್ಕಿದ.

ದೇವಚಂದ್ರ 1770ರಲ್ಲಿ ಹುಟ್ಟಿದವನು. ಕರಣಿಕರ ಮನೆತನ. ಊರಿನ ಲೆಕ್ಕ ಪತ್ರ ಬಲ್ಲವನು, ಕಾವ್ಯ ಪುರಾಣ ಓದಿದವನು. 1804ರಲ್ಲಿ ಮೆಕೆಂಜಿಯ ಸರ್ವೆಯವರು ಆ ಕಡೆ ಬಂದಾಗ ಸ್ಥಳದ ವೃತ್ತಾಂತ ಹೇಳಲು ಸಿಕ್ಕವನು ಇವನೇ. ಮೆಕೆಂಜಿಯ ಸಂಗ್ರಹದ ದೃಷ್ಟಿಯಿಂದ ನೋಡಿದರೆ ದೇವಚಂದ್ರ ಒಬ್ಬ ಮಾಹಿತಿದಾರ. ಕೇಳಿದ್ದಕ್ಕೆ ಉತ್ತರ ಕೊಟ್ಟು ಹಿಂದೆ ಸರಿದ ಸಾವಿರಾರು ಮಂದಿಯಲ್ಲಿ ಒಬ್ಬ. ಆದರೆ ಈತ ಹಿಂದೆ ಸರಿಯಲಿಲ್ಲ. ಆ ಬಿಳಿಯ ಅಧಿಕಾರಿ ಕೇಳಿದ ಪ್ರಶ್ನೆ ಅವನ ತಲೆಯಲ್ಲಿ ಉಳಿಯಿತು. ವರ್ಷಗಟ್ಟಲೆ ಕೂಡಿಸಿ, ಜೋಡಿಸಿ, 1838ರಲ್ಲಿ ‘ರಾಜಾವಳಿ ಕಥೆ’ ಎಂಬ ದೊಡ್ಡ ಗ್ರಂಥವನ್ನು ಕನ್ನಡದಲ್ಲಿ ಬರೆದ. ಮೈಸೂರು ಅರಸುಮನೆತನದ ದೇವಿರಮ್ಮಣ್ಣಿಯವರಿಗೆ ಅದನ್ನು ಒಪ್ಪಿಸಿದ. ಜೈನ ಪರಂಪರೆ, ಅರಸರು, ಕವಿಗಳು, ಮತಗಳು, ಜಾತಿಗಳು, ತನ್ನ ಕಾಲದ ಸುದ್ದಿಗಳು ಎಲ್ಲವೂ ಅದರಲ್ಲಿವೆ. ಮೆಕೆಂಜಿ ಕೇಳಿದ್ದನ್ನೂ ದೇವಚಂದ್ರ ಮರೆಮಾಚಲಿಲ್ಲ, ಪುಸ್ತಕದಲ್ಲೇ ಹೇಳಿದ.

ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಡಿ. 1836ರಲ್ಲಿ ಕಲ್ಕತ್ತೆಯ ವಿದ್ವತ್ ಸಭೆ ದೇಶೀಯನಿಂದ ಇಂಥ ಕೆಲಸ ಆಗದು ಎಂದಿತು. 1838ರಲ್ಲಿ, ಆ ಸಭೆಯ ಹಂಗಿಲ್ಲದೆ, ಮಲೆಯೂರಿನ ಕರಣಿಕ ತನಗೆ ಸಿಕ್ಕ ಸಂಗತಿಗಳನ್ನೆಲ್ಲ ಒಂದು ಕ್ರಮಕ್ಕೆ ತಂದು ಗ್ರಂಥ ಮುಗಿಸಿದ. ಅವನ ಕಾಲಗಣನೆ ಇಂದಿನ ಒರೆಗಲ್ಲಿಗೆ ಎಲ್ಲ ಕಡೆ ನಿಲ್ಲುವುದಿಲ್ಲ. ಸ್ವಮತದ ಅಭಿಮಾನವೂ ಇದೆ. ಆದರೂ ಮುಂದೆ ಬಿ. ಎಲ್. ರೈಸ್ ಶ್ರವಣಬೆಳಗೊಳದ ಭದ್ರಬಾಹು–ಚಂದ್ರಗುಪ್ತರ ಐತಿಹ್ಯವನ್ನು ಚರ್ಚಿಸುವಾಗ ‘ರಾಜಾವಳಿ ಕಥೆ’ಯನ್ನು ಎದುರಿಗಿಟ್ಟುಕೊಂಡ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯಲ್ಲಿ ದೇವಚಂದ್ರನ ಮಾತು ಹಲವು ಕಡೆ ಬರುತ್ತದೆ. ಒಪ್ಪಲಿ, ಅಲ್ಲಗಳೆಯಲಿ, ಹೆಸರು ಹಿಡಿದು ವಾದಿಸುವ ಮರ್ಯಾದೆ ಅವನಿಗೆ ಸಿಕ್ಕಿತು. ಏಕೆಂದರೆ ಅವನು ಬರೆದದ್ದನ್ನು ತನ್ನ ಹೆಸರಿನಲ್ಲಿ ಬರೆದ.

ಈ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಸಂಘ ಕಟ್ಟಿ ಚರಿತ್ರೆ ಹುಡುಕುವ ಕೆಲಸವನ್ನು ಕನ್ನಡಿಗರು ತಾವೇ ಕೈಗೆತ್ತಿಕೊಂಡರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1909ರಲ್ಲಿ ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ, ಯುರೋಪಿಯನ್ನರೂ ನಮ್ಮವರೂ ಕೂಡಿ ಕಟ್ಟಿದ್ದು, ಕೆಲಸ ಶುರುಮಾಡಿತು. ಅದರ ತ್ರೈಮಾಸಿಕ ಪತ್ರಿಕೆ ಇಂದಿಗೂ ಬರುತ್ತಿದೆ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಪ್ರಕಟಿಸಿದರು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಬಂತು. ಮೆಕೆಂಜಿಯ ಜನ ಬರೆದುಕೊಂಡಿದ್ದ ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಅಚ್ಚು ಹಾಕಿಸಿತು. ಶಾನುಭೋಗರು ಹೇಳಿದ ಮಾತು ಅವರ ಮೊಮ್ಮಕ್ಕಳ ಮೊಮ್ಮಕ್ಕಳ ಕೈಗೆ ಪುಸ್ತಕವಾಗಿ ಬರಲು ಸುಮಾರು 190 ವರ್ಷ ಹಿಡಿಯಿತು.

ಇದನ್ನು ಸಂಘದ ಸಂಚಿಕೆಗೆ ಬರೆಯಲು ಒಂದು ಕಾರಣವಿದೆ. ಹೋದ ವರ್ಷ ನಮ್ಮ ಸಂಘದ ಹಳೆಯ ಕಾಗದಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಎರಡು ರಟ್ಟಿನ ಪೆಟ್ಟಿಗೆ ತುಂಬ ಫೋಟೋಗಳು, ಕರಪತ್ರಗಳು, ಲೆಕ್ಕದ ಪುಸ್ತಕಗಳು. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡವರ ಹೆಸರು ಪ್ರತಿ ಚಿತ್ರದ ಹಿಂದೆಯೂ ಇದೆ. ಭಾನುವಾರ ಮಕ್ಕಳಿಗೆ ಅ, ಆ, ಇ, ಈ ತಿದ್ದಿಸಿದ ಮಹಿಳೆಯರ ಹೆಸರಿಲ್ಲ. ಯುಗಾದಿಗೆ ನೂರಾರು ಜನಕ್ಕೆ ಅಡುಗೆ ಮಾಡಿದವರ ಹೆಸರಿಲ್ಲ. ಮೊದಲ ಸಂಚಿಕೆಯನ್ನು ಪುಟಪುಟವೂ ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದವರು ಯಾರೆಂದು ಹೇಳಬಲ್ಲವರು ಈಗ ಇಬ್ಬರೋ ಮೂವರೋ. ಪ್ರಿನ್ಸೆಪ್ಪನ ಮೇಲೆ ಸಿಟ್ಟಾಗುತ್ತಿದ್ದ ನನಗೆ ಆ ಪೆಟ್ಟಿಗೆಗಳ ಮುಂದೆ ನಾಚಿಕೆಯಾಯಿತು. ಅವರು ಮಾಡಿದ್ದನ್ನೇ ನಾವೂ ಮಾಡಿದ್ದೇವೆ, ಅದೂ ನಮ್ಮವರಿಗೇ.

ಆದ್ದರಿಂದ ಸದಸ್ಯರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿರುವ ಹಳೆಯ ಫೋಟೋ, ಪತ್ರ, ಆಮಂತ್ರಣ ಪತ್ರಿಕೆಗಳನ್ನು ಎಸೆಯಬೇಡಿ. ಕೊಡುವುದಾದರೆ ಹಿಂದೆ ಪೆನ್ಸಿಲ್ಲಿನಲ್ಲಿ ಇಷ್ಟು ಬರೆಯಿರಿ: ಇಸವಿ, ಸ್ಥಳ, ಚಿತ್ರದಲ್ಲಿರುವ ಎಲ್ಲರ ಹೆಸರು, ತೆಗೆದವರ ಹೆಸರು, ಕೊಟ್ಟವರ ಹೆಸರು. ಹಿರಿಯರು ಹೇಳಿದ್ದನ್ನು ಬರೆದುಕೊಳ್ಳುವವರು ಹೇಳಿದವರ ಹೆಸರನ್ನೂ ಬರೆದುಕೊಂಡವರ ಹೆಸರನ್ನೂ ಸೇರಿಸಿ. ಸಾಧ್ಯವಿರುವವರು ದೇವಚಂದ್ರನಂತೆ ತಮ್ಮ ಕಥೆಯನ್ನು ತಾವೇ ಬರೆಯಿರಿ. ಪೆಟ್ಟಿಗೆಗಳು ನನ್ನ ಮನೆಯಲ್ಲೇ ಇವೆ. ಹೆಸರು ಹೇಳಬಲ್ಲ ಆ ಇಬ್ಬರು ಮೂವರನ್ನು ಮುಂದಿನ ತಿಂಗಳು ಊಟಕ್ಕೆ ಕರೆದಿದ್ದೇನೆ.